ಒಂದು ಪ್ಯಾನೆಲ್‌ನಲ್ಲಿ ಹನ್ನೆರಡು ಬೋರ್ಡ್: ಕೀಕ್ಯಾಡ್, ಕಿಕಿಟ್ ಬಳಸಿದ ಅನುಭವ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಗುಡ್ಡದ ಸುರಂಗದ ನೀರು ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ಕಾಲುವೆ) ಹರಿದು ಟ್ಯಾಂಕಿಗೆ ಬೀಳುತ್ತದೆ. ಬೇಸಗೆಯಲ್ಲಿ ಅದು ತುಂಬಿತಾ ಅಂತ ನೋಡಲು ಅಪ್ಪ ದಿನಕ್ಕೆ ನಾಲ್ಕೈದು ಸಲ ಗುಡ್ಡ ಹತ್ತುತ್ತಿದ್ದರು. ಅದಕ್ಕೆಂದೇ ನೀರಿನ ಮಟ್ಟ ತಿಳಿಸುವ 22×26 ಮಿ.ಮೀ. ಸರ್ಕ್ಯೂಟ್ ಬೋರ್ಡ್ ಮಾಡಿದೆ. 2022ರಿಂದ ಬೋರ್ಡ್ ವಿನ್ಯಾಸದ ಎಲ್ಲ ಕೆಲಸ ಕೀಕ್ಯಾಡ್ (KiCad) ಅನ್ನುವ ಸಾಫ್ಟ್‌ವೇರ್‌ನಲ್ಲೇ.

ಕೀಕ್ಯಾಡ್ ಪೂರ್ತಿ ಉಚಿತ, 1992ರಲ್ಲಿ ಶುರುವಾದದ್ದು. ಇಷ್ಟೇ ದೊಡ್ಡ ಬೋರ್ಡ್ ಮಾಡಬೇಕು ಅನ್ನುವ ಮಿತಿ ಇಲ್ಲ. ಸರ್ಕ್ಯೂಟ್ ಬರೆಯುವುದರಿಂದ ಬೋರ್ಡ್ ಮಾಡುವವರಿಗೆ ಕಳಿಸುವ ಗರ್ಬರ್ ಫೈಲ್ ತೆಗೆಯುವವರೆಗೆ ನನಗೆ ಬೇರೇನೂ ಬೇಕಾಗಿಲ್ಲ.

ಕಷ್ಟ ಇದ್ದದ್ದು ಪ್ಯಾನೆಲ್‌ನಲ್ಲಿ, ಅಂದರೆ ಹಲವು ಬೋರ್ಡ್ ಜೋಡಿಸಿದ ಒಂದೇ ಹಲಗೆಯಲ್ಲಿ. ಇಷ್ಟು ಚಿಕ್ಕ ಬೋರ್ಡ್ ಒಂದೊಂದಾಗಿ ಬಂದರೆ ಸೋಲ್ಡರ್ ಪೇಸ್ಟ್ (ಬೆಸುಗೆಯ ಪೇಸ್ಟ್) ಹಚ್ಚುವಾಗ ಹಿಡಿಯಲಿಕ್ಕೇ ಆಗುವುದಿಲ್ಲ. ಮೊದಲು ಕೈಯಲ್ಲೇ ಹನ್ನೆರಡು ಕಾಪಿ ಜೋಡಿಸಿದೆ. ಆಮೇಲೆ ಒಂದು ರೆಸಿಸ್ಟರ್ ಸರಿಸಬೇಕಾಯಿತು. ಹನ್ನೆರಡರಲ್ಲೂ ಮತ್ತೆ ಅದೇ ಕೆಲಸ! ಕೀಕ್ಯಾಡ್ ಬೋರ್ಡ್‌ಗಳನ್ನು ಪ್ಯಾನೆಲ್ ಮಾಡಿಕೊಡುವ ಕಿಕಿಟ್ (KiKit) ಹಾಕಿಕೊಂಡದ್ದು ಆಗ. ಅದು ಮೂಲ ಬೋರ್ಡನ್ನು ಮುಟ್ಟುವುದಿಲ್ಲ. ಒಂದು ಕಮಾಂಡ್ ಕೊಟ್ಟರೆ ಪ್ಯಾನೆಲ್ಲನ್ನು ಬೇರೆ ಫೈಲಾಗಿ ಮಾಡಿಕೊಡುತ್ತದೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ನಡುವೆ 2 ಮಿ.ಮೀ. ಸಂದು, ಮೇಲೆ ಕೆಳಗೆ 5 ಮಿ.ಮೀ. ರೈಲ್ (ಹಿಡಿಯಲು ಬಿಡುವ ಪಟ್ಟಿ), ಬೋರ್ಡಿಗೂ ರೈಲಿಗೂ ನಡುವೆ ಅಷ್ಟೇ ಸಂದು. ಒಟ್ಟು 94×96 ಮಿ.ಮೀ. 100×100ರ ಒಳಗಿದ್ದರೆ ಬೋರ್ಡ್ ಮಾಡುವ ಅನೇಕ ಕಡೆ ದರ ಕಡಿಮೆ. ಪ್ಯಾನೆಲ್‌ಗೆ ಬೇರೆ ಚಾರ್ಜ್ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಬೋರ್ಡ್‌ಗಳನ್ನು ಬಿಡಿಸಲು ವಿ-ಕಟ್ ಮಾಡಬಹುದು, ಅಂದರೆ ವಿ ಆಕಾರದ ಗೀರು ಕೊರೆದು ಮುರಿಯುವುದು. ಆದರೆ ಆ ಗೆರೆ ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗಬೇಕು. ನನ್ನ ಬೋರ್ಡಿನ ಮೂಲೆಗಳು ಗುಂಡಗಿವೆ. ಹಾಗಾಗಿ ಮೌಸ್ ಬೈಟ್ ಆರಿಸಿದೆ. ಬೋರ್ಡ್‌ಗಳನ್ನು ಹಿಡಿದಿಡುವ ಸಣ್ಣ ಸೇತುವೆಗಳಲ್ಲಿ (ಟ್ಯಾಬ್) 0.5 ಮಿ.ಮೀ. ತೂತುಗಳ ಸಾಲು, ಅದರಗುಂಟ ಮುರಿಯುವುದು.

ಮೊದಲ ಪ್ಯಾನೆಲ್ ಮುರಿದಾಗ ಎರಡು ಬೋರ್ಡ್ ಸತ್ತವು. ಭೂತಗನ್ನಡಿಯಲ್ಲಿ ನೋಡಿದರೆ ಸೆರಾಮಿಕ್ ಕೆಪಾಸಿಟರ್ ಮೇಲೆ ಕೂದಲೆಳೆಯಷ್ಟು ಬಿರುಕು. ಟ್ಯಾಬ್ ಪಕ್ಕದಲ್ಲೇ, ಮುರಿಯುವ ಅಂಚಿಗೆ ಅಡ್ಡವಾಗಿ ಇಟ್ಟಿದ್ದೆ. ಬೋರ್ಡ್ ಬಾಗಿದಾಗ ಪೆಟ್ಟು ನೇರ ಅದಕ್ಕೇ ಬಿದ್ದಿದೆ. ಕೆಪಾಸಿಟರನ್ನು 5 ಮಿ.ಮೀ. ಒಳಗೆ ಸರಿಸಿ, ಅಂಚಿಗೆ ಸಮಾನಾಂತರವಾಗಿ ತಿರುಗಿಸಿದೆ. ಅದೇ ಕಮಾಂಡ್ ಮತ್ತೊಮ್ಮೆ ಕೊಟ್ಟೆ. ಹೊಸ ಪ್ಯಾನೆಲ್ ರೆಡಿ! ಆಮೇಲೆ ಮುರಿದ ಯಾವ ಬೋರ್ಡೂ ಹಾಳಾಗಿಲ್ಲ. ಈ ಒಂದು ಕಾರಣಕ್ಕೇ ನಾನು ಕಿಕಿಟ್ ಬಿಡುವುದಿಲ್ಲ.

ಮುರಿದ ಜಾಗದಲ್ಲಿ ಹಲ್ಲಿನಂತೆ ಚೂರು ಉಳಿಯುತ್ತದೆ, ಅರ ಹಾಕಿ ತೀಡಬೇಕು. ಆಗ ಏಳುವುದು ಗಾಜಿನ ನಾರಿನ ಪುಡಿ. ಮಾಸ್ಕ್ ಹಾಕಿಕೊಂಡು ಹೊರಗೆ ಕೂತು ಮಾಡಿ.

ಕಮಾಂಡ್ ಅಭ್ಯಾಸ ಇಲ್ಲದವರಿಗೆ ಶುರುವಿನಲ್ಲಿ ತುಸು ಕಷ್ಟ. ಕೀಕ್ಯಾಡ್ ಹೊಸ ಆವೃತ್ತಿ ಬಂದ ಕೂಡಲೇ ಏರಿಸಬೇಡಿ. ನಿಮ್ಮ ಕಿಕಿಟ್ ಅದಕ್ಕೆ ಹೊಂದುತ್ತದಾ ನೋಡಿ. ಹೊಸದರಲ್ಲಿ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ, ಹಾಗಾಗಿ ಒಂದು ಕಾಪಿ ಇಟ್ಟುಕೊಳ್ಳಿ.

ಅಪ್ಪ ಈಗ ಜಗಲಿಯಲ್ಲೇ ಕೂತು ದೀಪ ನೋಡುತ್ತಾರೆ. ಮೊನ್ನೆ ಪಕ್ಕದ ಮನೆ ಮಾವ ಬಂದವರು ಮೇಜಿನ ಮೇಲಿದ್ದ ಪ್ಯಾನೆಲ್ ನೋಡಿ, “ನಮ್ಮ ಟ್ಯಾಂಕಿಗೂ ಒಂದು ಮುರಿದು ಕೊಡು ಮಾರಾಯ” ಅಂದರು.