ಮೊಂಗೋಡಿಬಿ, ರೆಡಿಸ್, ಎಲಾಸ್ಟಿಕ್‌ಸರ್ಚ್, ಪೋಸ್ಟ್‌ಗ್ರೆಸ್: ಇನ್‌ಸ್ಟಾಲ್ ಆದ ಕ್ಷಣದಲ್ಲಿ ಯಾವುದು ಎಷ್ಟು ಭದ್ರ?

ಡೇಟಾಬೇಸ್ ಹಾಕಿದ ಮೇಲೆ ಕಾನ್ಫಿಗ್ ಫೈಲ್ ತೆರೆದು ನೋಡುವವರು ಕಡಿಮೆ. ಹಾಗಾಗಿ ತಯಾರಕರು ಕೊಟ್ಟ ಡಿಫಾಲ್ಟ್ ಸೆಟ್ಟಿಂಗೇ ಪ್ರೊಡಕ್ಷನ್‌ವರೆಗೂ, ಅಂದರೆ ನಿಜವಾದ ಬಳಕೆಯವರೆಗೂ, ಬರುತ್ತದೆ. ಅದು ಸಡಿಲವಾಗಿದ್ದರೆ ತಪ್ಪು ಬಳಕೆದಾರರದ್ದಲ್ಲ, ಸಾಫ್ಟ್‌ವೇರಿನದ್ದು.

2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮೊಂಗೋಡಿಬಿಗಳನ್ನು ದಾಳಿಕೋರರು ಅಳಿಸಿ, ಹಣ ಕೇಳುವ ಸಂದೇಶ ಬಿಟ್ಟುಹೋದರು. ಅದೇ ವರ್ಷದ 3.6 ಆವೃತ್ತಿಯಿಂದ ಮೊಂಗೋಡಿಬಿ ಡಿಫಾಲ್ಟ್ ಆಗಿ ಲೋಕಲ್‌ಹೋಸ್ಟ್‌ನಿಂದ, ಅಂದರೆ ಅದೇ ಯಂತ್ರದಿಂದ, ಬರುವ ಸಂಪರ್ಕಗಳನ್ನು ಮಾತ್ರ ಸ್ವೀಕರಿಸುತ್ತದೆ. ಇದು ಅರ್ಧ ಕೆಲಸ. ನಾವೇ ನಡೆಸುವ ಸರ್ವರ್‌ನಲ್ಲಿ ಆಥರೈಸೇಶನ್ (ಲಾಗಿನ್ ಮತ್ತು ಹಕ್ಕುಗಳ ತಪಾಸಣೆ) ಇಂದಿಗೂ ಆಫ್. ಆ್ಯಪ್ ಬೇರೆ ಯಂತ್ರಕ್ಕೆ ಹೋದ ದಿನ ಯಾರೋ ಬೈಂಡ್‌ಐಪಿಗೆ (ಯಾವ ವಿಳಾಸದಲ್ಲಿ ಸಂಪರ್ಕ ಸ್ವೀಕರಿಸಬೇಕೆಂಬ ಸೆಟ್ಟಿಂಗ್) 0.0.0.0, ಅಂದರೆ ಎಲ್ಲ ವಿಳಾಸಗಳು, ಎಂದು ಬರೆದರೆ ಮುಗಿಯಿತು. ಮೊದಲು ಅಡ್ಮಿನ್ ಬಳಕೆದಾರನನ್ನು ಸೃಷ್ಟಿಸಿ, ಆಥರೈಸೇಶನ್ ಆನ್ ಮಾಡಿ, ರೀಸ್ಟಾರ್ಟ್ ಮಾಡಿ. ಬೈಂಡ್‌ಐಪಿ ಮುಟ್ಟುವುದು ಆಮೇಲೆ.

ರೆಡಿಸ್ 3.2ರಲ್ಲಿ ಬಂದ ಪ್ರೊಟೆಕ್ಟೆಡ್ ಮೋಡ್ ನಿಜಕ್ಕೂ ಮೆಚ್ಚುವಂಥದ್ದು: ಪಾಸ್‌ವರ್ಡ್ ಇಲ್ಲದಿದ್ದರೆ ಹೊರಗಿನವರನ್ನು ತಡೆದು, ಕಾರಣವನ್ನೂ ಪರಿಹಾರವನ್ನೂ ಎರರ್‌ನಲ್ಲೇ ಹೇಳುತ್ತದೆ. ಆದರೆ ಡಾಕರ್‌ಗೆ (ಸಾಫ್ಟ್‌ವೇರನ್ನು ಪ್ರತ್ಯೇಕ ಪೆಟ್ಟಿಗೆಯಂತೆ ಓಡಿಸುವ ಟೂಲ್) ಇರುವ ರೆಡಿಸ್‌ನ ಅಧಿಕೃತ ಇಮೇಜ್‌ನಲ್ಲಿ, ಅಂದರೆ ಸಿದ್ಧ ಪ್ಯಾಕೇಜ್‌ನಲ್ಲಿ, ಅದನ್ನು ಆಫ್ ಮಾಡಿಟ್ಟಿದ್ದಾರೆ. ಪೋರ್ಟ್ ಆಯ್ಕೆಗೆ 6379:6379 ಎಂದು ಕೊಟ್ಟರೆ ಯಂತ್ರದ ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳಲ್ಲೂ ತೆರೆಯುತ್ತದೆ. ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸ್‌ನ ನೆಟ್‌ವರ್ಕ್ ಫಿಲ್ಟರ್) ನಿಯಮ ಬರೆಯುವುದರಿಂದ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಕೂಡ ತಡೆಯುವುದಿಲ್ಲ. 127.0.0.1:6379:6379 ಎಂದೇ ಬರೆಯಿರಿ; 127.0.0.1 ಎಂದರೆ ಅದೇ ಯಂತ್ರ.

ಎಲಾಸ್ಟಿಕ್‌ಸರ್ಚ್ 8.0 (2022) ಮೊದಲ ಸ್ಟಾರ್ಟ್‌ನಲ್ಲೇ ಸಂಪರ್ಕವನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್ ಸರ್ಟಿಫಿಕೇಟನ್ನೂ ಪಾಸ್‌ವರ್ಡನ್ನೂ ತಾನೇ ತಯಾರಿಸುತ್ತದೆ. ಹಳೆಯ ಎಚ್‌ಟಿಟಿಪಿ ಕ್ಲೈಂಟ್‌ಗಳು ಕೆಲಸ ನಿಲ್ಲಿಸುತ್ತವೆ; ಆ ಸಿಟ್ಟಿಗೆ ಸೆಕ್ಯುರಿಟಿಯನ್ನೇ ಆಫ್ ಮಾಡಬೇಡಿ, ಸರ್ವರನ್ನು ನಂಬಲು ಬೇಕಾದ ಸಿಎ ಸರ್ಟಿಫಿಕೇಟನ್ನು ಕ್ಲೈಂಟ್‌ಗೆ ಕೊಡಿ. ಪಾಸ್‌ವರ್ಡ್ ಕಳೆದರೆ ರೀಸೆಟ್ ಮಾಡುವ ಟೂಲ್ ಜೊತೆಯಲ್ಲೇ ಇದೆ.

ನಮ್ಮ ಮೊದಲ ಆಯ್ಕೆ ಪೋಸ್ಟ್‌ಗ್ರೆಸ್. ಲೋಕಲ್‌ಹೋಸ್ಟ್ ಒಂದು ತಡೆ, ಯಾರು ಎಲ್ಲಿಂದ ಹೇಗೆ ಒಳಬರಬಹುದೆಂದು ಹೇಳುವ ಪಿಜಿ-ಎಚ್‌ಬಿಎ ಫೈಲ್ ಇನ್ನೊಂದು. ಒಂದನ್ನು ಸಡಿಲಿಸಿದರೂ ಇನ್ನೊಂದು ತಡೆಯಾಗಿ ಉಳಿಯುತ್ತದೆ. ಆವೃತ್ತಿ 14ರಿಂದ ಹೊಸ ಪಾಸ್‌ವರ್ಡ್‌ಗಳು ಡಿಫಾಲ್ಟ್ ಆಗಿ ಸ್ಕ್ರಾಮ್ ಎಂಬ ಹ್ಯಾಶ್ ರೂಪದಲ್ಲಿ ಉಳಿಯುತ್ತವೆ. ಒಂದು ದೋಷವಿದೆ: ಸೋರ್ಸ್‌ನಿಂದ ಕಟ್ಟಿ, ಡೇಟಾಬೇಸನ್ನು ಮೊದಲು ಸಿದ್ಧಪಡಿಸುವ ಇನಿಟ್‌ಡಿಬಿ ಆಜ್ಞೆಯನ್ನು ಆಯ್ಕೆಗಳಿಲ್ಲದೆ ಓಡಿಸಿದರೆ ಅದೇ ಯಂತ್ರದ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಸೂಪರ್‌ಯೂಸರ್ ಆಗಿ ಒಳಬರಬಹುದು. ಆಥ್ (ಗುರುತು ಪರಿಶೀಲನೆ) ವಿಧಾನವನ್ನು ಆಗಲೇ ಸೂಚಿಸಿ.

ಅಪ್‌ಗ್ರೇಡ್ ಮಾಡುವವರು ಗಮನಿಸಬೇಕಾದ್ದು: ಹೊಸ ಡಿಫಾಲ್ಟ್ ಹಲವು ಸಲ ಹೊಸ ಡೇಟಾಬೇಸಿಗೆ ಮಾತ್ರ. ಪೋಸ್ಟ್‌ಗ್ರೆಸ್ 15 ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳಿಗೆ ಮೊದಲೇ ಇರುವ ಸಾಮಾನ್ಯ ಜಾಗ) ಎಲ್ಲರಿಗೂ ಇದ್ದ ಟೇಬಲ್ ಸೃಷ್ಟಿಸುವ ಹಕ್ಕನ್ನು ತೆಗೆದಿದೆ, ಆದರೆ ಹಳೆಯದರಿಂದ ಬಂದ ಡೇಟಾಬೇಸಿನಲ್ಲಿ ಅದು ಹಾಗೇ ಇರುತ್ತದೆ. ಅಲ್ಲಿ ಹಕ್ಕನ್ನು ಹಿಂಪಡೆಯುವ ರಿವೋಕ್ ಆಜ್ಞೆಯನ್ನು ನೀವೇ ಕೊಡಬೇಕು.