ಮಂಡ್ಯ ಹತ್ರದ ಆಲೆಮನೆ ಬೆಲ್ಲ: ಬಣ್ಣ ಕಪ್ಪು, ಮಾತು ಸಾಚಾ

ಕ್ರಿಸ್‌ಮಸ್ ಕಜ್ಜಾಯಕ್ಕೆ ಒಳ್ಳೆ ಬೆಲ್ಲ ಎಲ್ಲಿ ಸಿಗುತ್ತೆ ಅಂತ ಮೈಸೂರಲ್ಲಿ ನಮ್ಮ ಚರ್ಚ್ ಸಭೆಯವ್ರು ಸುಮಾರು ಜನ ಕೇಳ್ತಾನೇ ಇದ್ರು, ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ಮಂಡ್ಯ ಶ್ರೀರಂಗಪಟ್ಟಣ ಮಧ್ಯೆ ಹೈವೇ ಬಿಟ್ಟು ನಾಲೆ ಏರಿ ಮೇಲೆ ಒಳಗಡೆ ಹೋದ್ರೆ ಒಂದು ಸಣ್ಣ ಆಲೆಮನೆ ಇದೆ, ಬೋರ್ಡೂ ಇಲ್ಲ. ನಡೆಸೋರು ಕ್ರೈಸ್ತರು. ಹೆಸ್ರು ಹಾಕ್ಬೇಡಿ ಅಕ್ಕ ಅಂದಿದಾರೆ ಹಂಗಾಗಿ ಹಾಕಲ್ಲ, ದಾರಿ ಬೇಕಾದವ್ರು ಕೇಳಿ, ಹೇಳ್ತೀನಿ.

ಮೊದ್ಲು ಬೆಲ್ಲದ ವಿಷ್ಯ. ಬಣ್ಣ ಡಿಕಾಕ್ಷನ್ ಥರ ಕಂದು, ಅಚ್ಚು ಮುರಿದ್ರೆ ಒಳಗೂ ಅದೇ ಬಣ್ಣ. ಬಾಯಿಗೆ ಹಾಕ್ಕೊಂಡ್ರೆ ಸಿಹಿ ಹಿಂದೇನೇ ಒಂಚೂರು ಉಪ್ಪುಪ್ಪು ರುಚಿ, ಕಬ್ಬಿನ ಹಾಲಿನ ವಾಸನೆ ಇನ್ನೂ ಇರುತ್ತೆ. ಪಾಕ ಇಟ್ಟಾಗ ನೀರಿಗೆ ಒಂದು ತೊಟ್ಟು ಬಿಟ್ರೆ ಮೆತ್ತಗೆ ಉಂಡೆ ಕಟ್ಟುತ್ತೆ, ಕಜ್ಜಾಯ ಮಾರನೇ ದಿನಕ್ಕೂ ಮೆದು. ಕರಗಿಸಿ ಸೋಸೋದು ಮಾತ್ರ ಮರೀಬೇಡಿ, ತಳದಲ್ಲಿ ಸಣ್ಣ ನಾರು, ಮಡ್ಡಿ ಉಳಿಯುತ್ತೆ.

ಅಂಗಡೀಲಿ ಸಿಗೋ ಹಳದಿ ಬೆಲ್ಲ ನೋಡಿ ಅಭ್ಯಾಸ ಆದವ್ರಿಗೆ ಇದು ಇಷ್ಟ ಆಗದೇ ಇರ್ಬೋದು. ಆ ಹಳದಿ ಎಲ್ಲಿಂದ ಬರುತ್ತೆ ಅಂದ್ರೆ, ಎಷ್ಟೋ ಕಡೆ ಕೊಪ್ಪರಿಗೇಲಿ ಕುದಿಯೋವಾಗ ಹೈಡ್ರೋಸ್ ಅಂತ ಒಂದು ಬಿಳಿ ಪುಡಿ ಹಾಕ್ತಾರೆ, ಸೋಡಿಯಂ ಹೈಡ್ರೋಸಲ್ಫೈಟ್, ಕೂಡ್ಲೇ ಬಣ್ಣ ತಿಳಿಯಾಗುತ್ತೆ, ಮನೇಲಿ ಇಟ್ಟು ಸ್ವಲ್ಪ ದಿನ ಆದ್ರೆ ಮತ್ತೆ ಕಪ್ಪಾಗ್ತಾ ಬರುತ್ತೆ. ಈ ಪುಡಿಯಿಂದ ಬೆಲ್ಲದಲ್ಲಿ ಉಳಿಯೋ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ (ಕೆಜಿಗೆ 70 ಮಿಲಿಗ್ರಾಂ) ದಾಟಬಾರ್ದು ಅಂತ ಆಹಾರ ಸುರಕ್ಷತೆ ರೂಲ್ಸ್ ಇದೆ, ಆದ್ರೆ ಕೊಪ್ಪರಿಗೆ ಹತ್ರ ನಿಂತು ಅಳೆಯೋರು ಯಾರು. ಸಕ್ಕರೆ ಸುರಿಯೋದು ಇನ್ನೊಂದು. ಒಂದು ಟನ್ ಕಬ್ಬಿಗೆ ಬರೋದೇ ಹೆಚ್ಚುಕಮ್ಮಿ 100 ಕೆಜಿ ಬೆಲ್ಲ, ಸಕ್ಕರೆ ಹಾಕಿದ್ರೆ ತೂಕ ಏರುತ್ತೆ, ಅಚ್ಚೂ ಗಟ್ಟಿ ಕೂರುತ್ತೆ, ಲಾಭ ನೋಡೋರಿಗೆ ಬಿಡೋದು ಕಷ್ಟ. ಇಲ್ಲಿ ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣದ ತಿಳಿ, ಅಷ್ಟೇ, ಕೊಳೆ ಮೇಲೆ ಬಂದಂಗೆ ತೆಗೀತಾ ಇರ್ತಾರೆ, ನಾನೇ ನಿಂತು ನೋಡಿದೀನಿ. ಈ ಬಣ್ಣಕ್ಕೆ ಮಂಡೀಲಿ ರೇಟ್ ಸಿಗಲ್ಲ, ಅದಕ್ಕೇ ಬಾಗಿಲಲ್ಲೇ ಮಾರ್ತಾರೆ.

ಆದ್ರೆ ನಾನು ಇಷ್ಟುದ್ದ ಬರೀತಿರೋದು ಬೆಲ್ಲಕ್ಕಿಂತ ಆ ಮನುಷ್ಯನ ಮಾತಿಗೆ. ಕೆಮಿಕಲ್ ಹಾಕಲ್ವಲ್ಲ, ಆರ್ಗ್ಯಾನಿಕ್ ಬೆಲ್ಲ ಅಂತ ನಮ್ಮೋರಿಗೆಲ್ಲ ಹೇಳ್ಲಾ ಅಂತ ಕೇಳ್ದೆ. ಕೈಯಲ್ಲಿದ್ದ ಅಚ್ಚು ಕೆಳಗಿಟ್ಟು, "ಬ್ಯಾಡ ಕಣಕ್ಕ, ಗದ್ದೇಲಿ ಕಬ್ಬಿಗೆ ಯೂರಿಯಾ ಹಾಕಿವ್ನಿ. ಕೊಪ್ಪರಿಗೆಗೆ ಹೈಡ್ರೋಸು, ಸಕ್ಕರೆ ಹಾಕಿಲ್ಲ, ಅಷ್ಟು ಹೇಳಿ ಸಾಕು" ಅಂದ್ರು. ಆರ್ಗ್ಯಾನಿಕ್ ಅಂತ ಒಂದು ಚೀಟಿ ಅಂಟಿಸಿದ್ರೆ ಇದೇ ಬೆಲ್ಲಕ್ಕೆ ಮೈಸೂರಲ್ಲಿ ಇನ್ನೆಷ್ಟು ದುಡ್ಡು ಸಿಗ್ತಿತ್ತು ಅಂತ ಅವ್ರಿಗೂ ಗೊತ್ತು. ಹೋಗ್ಲಿ ಪ್ಯಾಕೆಟ್ ಮೇಲೆ ಒಂದು ಬೈಬಲ್ ವಾಕ್ಯ ಆದ್ರೂ ಹಾಕ್ಸಿ ಸುವಾರ್ತೆ ಆಗುತ್ತೆ ಅಂದೆ, ಅದಕ್ಕೂ ಒಪ್ಪಲಿಲ್ಲ, "ವಾಕ್ಯ ನೋಡಿ ತಗೊಂಡ್ರೆ ದೇವ್ರ ಹೆಸ್ರಲ್ಲಿ ಯಾಪಾರ ಮಾಡ್ದಂಗಾಯ್ತದೆ, ಬೆಲ್ಲ ನೋಡಿ ತಗಳ್ಲಿ ಬುಡಿ."

ಮಾರ್ಕೆಟ್‌ನಲ್ಲಿ ನಾವು ದಿನಾ ಕೇಳೋದು ಏನು, ದೇವ್ರಾಣೆ ಪ್ಯೂರು, ಮಕ್ಕಳಾಣೆ ಅಸಲು ರೇಟು. ಬೈಬಲ್‌ನ ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಆಣೇನೇ ಇಡಬೇಡಿ, ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ ಅಂತಿರಲಿ ಅಂತ ಹೇಳಿದ್ದನ್ನ ಎಷ್ಟು ಪ್ರಸಂಗದಲ್ಲಿ ಕೇಳಿಲ್ಲ ನಾವು, ಆದ್ರೆ ಅದನ್ನ ತಕ್ಕಡಿ ಮುಂದೆ ನಿಂತು ನಷ್ಟ ಮಾಡ್ಕೊಂಡು ಪಾಲಿಸೋರು ಸಿಗೋದು ಅಪರೂಪ. ನನ್ನ ಪ್ರಕಾರ ಶಿಷ್ಯ ಆಗೋದು ಅಂದ್ರೆ ಇದೇ, ಭಾನುವಾರದ ಆರಾಧನೇಲಿ ಹಾಡೋದಕ್ಕಿಂತ ಇದು ಕಷ್ಟ. ಮೂರನೇ ಯೋಹಾನ ಪತ್ರ ಓದಿದ್ರೆ ಗಾಯ ಅನ್ನೋನು ಸತ್ಯದಲ್ಲಿ ನಡೀತಿದಾನೆ ಅಂತ ಗಾಯನೇ ಹೇಳ್ಕೊಳಲ್ಲ, ಅವನ ಹತ್ರ ಹೋಗಿ ಬಂದ ಸಹೋದರರು ಬಂದು ಯೋಹಾನನಿಗೆ ಸಾಕ್ಷಿ ಹೇಳ್ತಾರೆ, ಅದನ್ನ ಕೇಳಿ ಆ ಹಿರಿಯನಿಗೆ ಎಷ್ಟು ಸಂತೋಷ! ಈ ಅಣ್ಣನೂ ತನ್ನ ಬಗ್ಗೆ ಏನೂ ಹೇಳ್ಕೊಳಲ್ಲ, ಕೊಂಡ್ಕೊಂಡು ಬಂದವ್ಳು ನಾನು, ನಾನೇ ಹೇಳ್ಬೇಕು.

ತೊಂದ್ರೆಗಳೂ ಇವೆ. ಹೊರಗಿನ ರೇಟಿಗಿಂತ ಜಾಸ್ತಿ, ಚೌಕಾಸಿ ನಡೆಯಲ್ಲ. ಮಳೆಗಾಲದಲ್ಲಿ ಬೆಲ್ಲ ನೀರು ಬಿಟ್ಕೊಂಡು ಮೆತ್ತಗಾಗುತ್ತೆ, ಗಾಳಿ ಆಡದ ಡಬ್ಬೀಲಿ ಹಾಕಿ ಫ್ರಿಡ್ಜಲ್ಲಿ ಇಡಿ, ತಿಂಗಳಿಗೆ ಬೇಕಾದಷ್ಟೇ ತಗೊಳ್ಳಿ ಅಂತ ಅವ್ರೇ ಮೊದ್ಲು ಹೇಳ್ತಾರೆ. ಕಬ್ಬು ಸರಿ ಇಲ್ಲದಿದ್ರೆ "ಈ ಸಲದ್ದು ಕಜ್ಜಾಯಕ್ಕೆ ಬರಾಕಿಲ್ಲ, ಕಾಫಿಗೆ ಆಯ್ತದೆ" ಅಂತ ವಾಪಸ್ ಕಳಿಸಿದ್ದೂ ಉಂಟು, ಹಾಗಾಗಿ ಫೋನ್ ಮಾಡ್ಕೊಂಡೇ ಹೋಗಿ. ಭಾನುವಾರ ಗಾಣ ಬಂದ್. ಕಾರು ಏರಿ ಮೇಲೆ ತಿರುಗ್ಸೋಕಾಗಲ್ಲ, ಊರ ಬಾಗಿಲಲ್ಲೇ ನಿಲ್ಸಿ ನಡ್ಕೊಂಡು ಹೋಗಿ, ಚೀಲ ನೀವೇ ಒಯ್ಯಿರಿ.