ಹಳೇ ಫ್ರಿಜ್‌ಗಳಲ್ಲಿ ಯಾವುದು ವಾಸಿ? ಕೆಲ್ವಿನೇಟರ್, ಗೋದ್ರೆಜ್, ಆಲ್ವಿನ್

ಎಂಬತ್ತರ ದಶಕದ 165 ಲೀಟರಿನ ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ತಂಪಿಗೆ ಕೆಲ್ವಿನೇಟರನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಗೋದ್ರೆಜ್, ಆಲ್ವಿನ್ ಎರಡನ್ನೂ ಅದರ ಪಕ್ಕದಲ್ಲೇ ಓಡಿಸಿ ನೋಡಿದ ಮೇಲೆ ಈ ಮಾತು. ಬೇಸಿಗೆಯಲ್ಲಿ ಮೂರರೊಳಗೂ ಒಂದೊಂದು ಲೋಟ ನೀರಿಟ್ಟು ಥರ್ಮಾಮೀಟರ್ ಅದ್ದುತ್ತಿದ್ದೆ. ಮೊದಲು 5 ಡಿಗ್ರಿಗೆ ಇಳಿಯುತ್ತಿದ್ದದ್ದು ಕೆಲ್ವಿನೇಟರ್ ನೀರೇ. ಕರೆಂಟ್ ಹೋದಾಗಲೂ ಅದರೊಳಗಿನ ಬೆಣ್ಣೆ ಗಟ್ಟಿಯಾಗೇ ಇರುತ್ತಿತ್ತು.

1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಶುರುವಾದ ಕಂಪನಿ ಇದು; ಹೆಸರು ವಿಜ್ಞಾನಿ ಲಾರ್ಡ್ ಕೆಲ್ವಿನ್ ಅವರದ್ದು. 1937ರಲ್ಲಿ ನ್ಯಾಶ್ ಎಂಬ ಕಾರು ಕಂಪನಿಯ ಜೊತೆ ಸೇರಿಕೊಂಡಿತು. ನಮ್ಮ ಪೆಂಗ್ವಿನ್ ಜಾಹೀರಾತಿನ ಕೆಲ್ವಿನೇಟರ್ ತಯಾರಾಗುತ್ತಿದ್ದದ್ದು ಫರೀದಾಬಾದ್‌ನಲ್ಲಿ. ತೊಂಬತ್ತರ ದಶಕದಲ್ಲಿ ಆ ಕಂಪನಿಯನ್ನು ವರ್ಲ್‌ಪೂಲ್ ಕೊಂಡುಕೊಂಡಿತು.

ಗೋದ್ರೆಜ್ ತಂಪಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಮೈಕಟ್ಟು ಗಟ್ಟಿ. 1897ರಲ್ಲಿ ಬೀಗ ಮಾಡಲು ಹೊರಟ ಮನೆತನ, 1958ರಲ್ಲಿ ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಸಹಯೋಗದಲ್ಲಿ ಫ್ರಿಜ್‌ಗೆ ಕೈಹಾಕಿತು. ಬಾಗಿಲು ಹಾಕುವಾಗ ಬರುವ ಆ ಭಾರದ ಸದ್ದು ನನಗೆ ತುಂಬಾ ಇಷ್ಟ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆದರೆ ಬಿಗಿಯಾಗಿ ಬರುತ್ತಿತ್ತು. ಸಲೀಸಾಗಿ ಜಾರಿದರೆ ಗ್ಯಾಸ್ಕೆಟ್, ಅಂದರೆ ಬಾಗಿಲ ಅಂಚಿನ ರಬ್ಬರ್ ಪಟ್ಟಿ, ಸವೆದಿದೆ ಎಂದರ್ಥ. ಯಾವ ಹಳೇ ಫ್ರಿಜ್ ಕೊಳ್ಳುವಾಗಲೂ ಮೊದಲು ಇದನ್ನು ನೋಡಿ.

ನೋಡಲು ಚೆಂದ ಅಂದರೆ ಆಲ್ವಿನ್. 1942ರಲ್ಲಿ ಹೈದರಾಬಾದ್‌ನಲ್ಲಿ ಹುಟ್ಟಿ, ಬಸ್ ಬಾಡಿ, ಕೈಗಡಿಯಾರ ಎಲ್ಲ ಮಾಡಿದ ಸಂಸ್ಥೆ. ಫ್ರಿಜ್ ವಿಭಾಗ ಆಮೇಲೆ ವೋಲ್ಟಾಸ್‌ಗೆ ಹೋಯಿತು. ಈಗ ಅದರ ಬಿಡಿಭಾಗಕ್ಕೆ ಗುಜರಿ ಅಂಗಡಿಯೇ ಗತಿ.

ಬ್ರ್ಯಾಂಡ್‌ಗಿಂತ ಮುಖ್ಯವಾದದ್ದು ಫ್ರಿಜ್ಜನ್ನು ತಂಪು ಮಾಡುವ ಗ್ಯಾಸ್. ಆ ಕಾಲದ ಫ್ರಿಜ್‌ಗಳಲ್ಲಿದ್ದದ್ದು ಆರ್-12. ಓಝೋನ್ ಪದರಕ್ಕೆ ಕುತ್ತು ತರುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ನಿಂತಿತು. ಅದರ ಬದಲು ಸುಮ್ಮನೆ ಆಮೇಲೆ ಬಂದ ಆರ್-134ಎ ಗ್ಯಾಸ್ ತುಂಬಿಸಬೇಡಿ; ಕಂಪ್ರೆಸರ್‌ನಲ್ಲಿರುವ ಹಳೇ ಮಿನರಲ್ ಆಯಿಲ್ ಅದರೊಂದಿಗೆ ಬೆರೆಯುವುದಿಲ್ಲ, ಆಯಿಲ್ ಕಂಪ್ರೆಸರ್‌ಗೆ ವಾಪಸಾಗದೆ ಅದು ಜಾಮ್ ಆಗಬಹುದು. ಪ್ರೊಪೇನ್–ಐಸೋಬ್ಯುಟೇನ್ ಮಿಶ್ರಣ ಆ ಆಯಿಲ್‌ಗೆ ಹೊಂದುತ್ತದೆ. ಆದರೆ ಬೆಂಕಿ ಹತ್ತುವ ಗ್ಯಾಸ್ ಅದು, ಪಳಗಿದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಬೇಕು.

ದಿನಬಳಕೆಗೆ ನಾನು ಉಳಿಸಿಕೊಂಡದ್ದು ಕೆಲ್ವಿನೇಟರ್. ಐಸ್ ಕಟ್ಟಿದಾಗ ಥರ್ಮೋಸ್ಟಾಟ್ (ತಂಪು ಹೆಚ್ಚು-ಕಡಿಮೆ ಮಾಡುವ ತಿರುಗಣೆ) ನಡುವಿನ ಗುಂಡಿ ಒತ್ತಿ, ಐಸ್ ತಾನಾಗೇ ಕರಗಲಿ ಎಂದು ಸುಮ್ಮನಿದ್ದುಬಿಡುತ್ತೇನೆ. ಚಾಕು ಹಾಕಿ ಕೆತ್ತಿದರೆ ಅಲ್ಯೂಮಿನಿಯಂ ಫ್ರೀಜರ್ ತೂತಾಗಿ ಗ್ಯಾಸೆಲ್ಲ ಹೋಗುತ್ತದೆ.